ಶುಕ್ರವಾರದ ಸಾಲು

ಯುದ್ಧದ ಚರಿತ್ರೆ ಓದುತ್ತಿದ್ದ ಶಿಷ್ಯ ತಲೆಯೆತ್ತಿ ಕೇಳಿದ: "ಗುರುಗಳೇ, ನಾಜಿಗಳು ಹೊರಗಿನವರು. ತಾವು ಗೆದ್ದ ಊರುಗಳಲ್ಲಿ ಯಾರು ಯೆಹೂದಿ, ಯಾರಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ತೋರಿಸಿಕೊಟ್ಟವರು ಊರಿನವರೇ. ಪ್ರಾಣಭಯದಿಂದ ತಾನೆ?"

ಗುರುಗಳು ಒಂದು ಕತೆ ಹೇಳಿದರು.

ಅಂಥದೊಂದು ಊರಿನಲ್ಲಿ ಅಕ್ಕಪಕ್ಕದಲ್ಲೇ ಎರಡು ರೊಟ್ಟಿ ಅಂಗಡಿಗಳಿದ್ದವು. ಒಂದು ಯೆಹೂದಿಯದು, ಇನ್ನೊಂದು ಕ್ರೈಸ್ತನದು. ವ್ಯಾಪಾರ ಇಬ್ಬರಿಗೂ ಚೆನ್ನಾಗಿತ್ತು. ಕ್ರೈಸ್ತ ವಾರವೆಲ್ಲ ನೆಮ್ಮದಿಯಾಗಿರುತ್ತಿದ್ದ. ಶುಕ್ರವಾರ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ.

ಯೆಹೂದಿಗಳು ಶನಿವಾರ ಒಲೆ ಹಚ್ಚುವುದಿಲ್ಲ. ಆದ್ದರಿಂದ ಶುಕ್ರವಾರ ಮಧ್ಯಾಹ್ನ ಅವರ ಹೆಂಗಸರು ಕಾಳು, ಮಾಂಸ ತುಂಬಿದ ಗಡಿಗೆಗಳನ್ನು ತಂದು ತಮ್ಮವನ ರೊಟ್ಟಿ ಭಟ್ಟಿಯೊಳಗೆ ಇಡುತ್ತಿದ್ದರು. ಮರುದಿನ ಬಿಸಿಯಾಗಿಯೇ ಒಯ್ಯುತ್ತಿದ್ದರು. ಬೀದಿಯುದ್ದಕ್ಕೂ ಸಾಲು. ನಗು, ಹರಟೆ, ಮೊಮ್ಮಗನಿಗೆ ಹಲ್ಲು ಬಂದ ಸುದ್ದಿ. ಕ್ರೈಸ್ತ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ತನ್ನ ಭಟ್ಟಿಯಲ್ಲಿ ಯೆಹೂದಿಗಳಿಗೆ ನಿಷಿದ್ಧವಾದ ಹಂದಿಮಾಂಸ ಬೇಯುತ್ತದೆ, ಆ ಗಡಿಗೆಗಳು ಇತ್ತ ಬರುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೇನು, ಹೊಟ್ಟೆಕಿಚ್ಚಿಗೆ ಕಾರಣ ಬೇಕೆ? ತನ್ನ ಬಾಗಿಲಲ್ಲಿ ಯಾರೂ ಹಾಗೆ ನಿಂತು ನಗುವುದಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ.

ಸಾಲು ಕರಗಿದ ಮೇಲೆ ಯೆಹೂದಿ ಬೆವರೊರೆಸಿಕೊಳ್ಳುತ್ತ, "ಸಾಕಾಗಿಹೋಯಿತಪ್ಪ, ನಿನ್ನದೇ ಸುಖ," ಎನ್ನುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಕೇಳಿದವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾಜಿಗಳು ಬಂದರು. ಒಬ್ಬ ಅಧಿಕಾರಿ ಕ್ರೈಸ್ತನ ಅಂಗಡಿಯೊಳಗೆ ಕಾಲಿಟ್ಟ.

"ಪಕ್ಕದವನು ಯೆಹೂದಿ," ಎಂದ ಕ್ರೈಸ್ತ. "ಆದರೆ ಈಗಲೇ ಹೋಗಬೇಡಿ ಸ್ವಾಮಿ. ಶುಕ್ರವಾರ ಮಧ್ಯಾಹ್ನ ಬನ್ನಿ."

ಶುಕ್ರವಾರವೇ ಏಕೆ? ಅವನನ್ನು ಎಳೆದೊಯ್ಯುವುದನ್ನು ಆ ಸಾಲು ಕಣ್ಣಾರೆ ನೋಡಲಿ ಎಂದು. ಇವನ ಲೆಕ್ಕಾಚಾರ ಅಷ್ಟರಲ್ಲೇ ಮುಗಿದಿತ್ತು, ದಡ್ಡ.

ಶುಕ್ರವಾರ ಲಾರಿಗಳು ಬಂದವು. ಯೆಹೂದಿಯನ್ನು ಹತ್ತಿಸಿದರು. ಆಮೇಲೆ ಸಾಲನ್ನೂ ಹತ್ತಿಸಿದರು, ಕೊನೆಯಲ್ಲಿ ನಿಂತಿದ್ದ ಮುದುಕಿಯವರೆಗೆ. ಗಡಿಗೆಗಳು ಬೀದಿಯಲ್ಲೇ ಉಳಿದವು. ಎಲ್ಲರನ್ನೂ ಊರಾಚೆಯ ಕಾಡಿನಲ್ಲಿ ಕೊಂದರು. ಗುಂಡಿನ ಸದ್ದು ಊರಿಗೆಲ್ಲ ಕೇಳಿಸಿತು.

ಸತ್ತವನ ಭಟ್ಟಿ ಇವನ ಪಾಲಾಯಿತು. ಅದಕ್ಕೆ ಹಂದಿಮಾಂಸ ಸೋಕಿಸಲಿಲ್ಲ. ಮುಂದಿನ ಶುಕ್ರವಾರ ಬೆಳಿಗ್ಗೆಯೇ ಬೆಂಕಿ ಹಾಕಿ, ಮೆಟ್ಟಿಲು ಗುಡಿಸಿ, ಬಾಗಿಲು ತೆರೆದು ಕುಳಿತ. ಹೊತ್ತು ಮುಳುಗಿತು. ಯಾರೂ ಬರಲಿಲ್ಲ.

"ಯಾರಿಗೆ ಕಾಯ್ತಾ ಇದ್ದೀರಿ? ಬರೋಕೆ ಯಾರು ಉಳಿದಿದ್ದಾರೆ?" ಎಂದಳು ಹೆಂಡತಿ.

ಅವನು ಖಾಲಿ ಬೀದಿಯನ್ನೇ ನೋಡುತ್ತ ಹಲ್ಲು ಕಚ್ಚಿದ. "ಕಡೆಗೂ ಎಲ್ಲರೂ ಅವನ ಹಿಂದೆಯೇ ಹೋದರು ನೋಡು."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಹೇಸಿಗೆಯಾಯಿತು, ಆದರೂ ಅವನು ಪಟ್ಟು ಬಿಡಲಿಲ್ಲ.

"ಅವನು ನೀಚ, ಒಪ್ಪಿದೆ. ಆದರೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡ ಅಧಿಕಾರಿ ಎದುರಿಗೆ ಬಂದು ಕೇಳಿದ ಮೇಲೆ ಹೇಳದೆ ಇರಲು ಆಗುತ್ತಿತ್ತೆ?"

ಗುರುಗಳು ಎಂದರು: "ಅಧಿಕಾರಿ ಬಂದು ಕೇಳಿದ್ದು ರೊಟ್ಟಿ."