ಮುದುಡಿದ ನಾಳದ ಅಳತೆ

ಪದ್ಮಾವತಮ್ಮನ ಮಿದುಳಿನ ಒಂದು ರಕ್ತನಾಳದ ಮೈಮೇಲೆ ಗುಳ್ಳೆಯೊಂದು ಉಬ್ಬಿಕೊಂಡು, ಎದೆ ಬಡಿದಾಗಲೆಲ್ಲ ಇನ್ನೇನು ಒಡೆದೀತು ಎನ್ನುವಂತೆ ಅದುರುತ್ತಿತ್ತು. ಚಿಕಿತ್ಸೆಗೆಂದು ವೈದ್ಯೆ ನಾಳದೊಳಗೆ ತೂರಿಸಿದ ತಂತಿ ತಾಗಿದ್ದೇ ತಡ, ನಾಳ ಹೆದರಿ ಮುದುಡಿಕೊಂಡಿತು. ವೈದ್ಯೆ ಆ ಮುದುಡಿದ ನಾಳವನ್ನೇ ಅಳೆದು, ಅದಕ್ಕೆ ತಕ್ಕ ಸಣ್ಣ ಸ್ಟೆಂಟನ್ನು ಒಳಗೆ ಕಳಿಸಿದರು.

ರಕ್ತ ಗುಳ್ಳೆಗೆ ನುಗ್ಗದಂತೆ ತಡೆಯಬೇಕಿದ್ದ, ಲೋಹದ ಜಾಲರಿಯ ಆ ಸ್ಟೆಂಟು ನಾಳಕ್ಕೆ ಹೇಳಿತು: "ಅಮ್ಮಾ, ಇದು ನಿಮ್ಮ ನಿಜವಾದ ಅಗಲವಲ್ಲ, ಭಯದ ಅಗಲ. ನಾನು ನೆಲೆಯೂರಿದ ಮೇಲೆ ನೀವು ಮೈ ಸಡಿಲಬಿಟ್ಟರೆ, ನಾನು ಹಿಡಿತ ತಪ್ಪಿ ಜಾರುತ್ತೇನೆ."

"ಹಾಗಾದರೆ ಜನ್ಮವಿಡೀ ಮುದುಡಿಯೇ ಇರುತ್ತೇನೆ," ಎಂದಿತು ನಾಳ.

"ಆಗ ಮುಂದಕ್ಕೆ ರಕ್ತ ಸಾಲದು. ಪದ್ಮಾವತಮ್ಮನ ಮಾತೇ ನಿಂತುಹೋದೀತು."

"ಸಡಿಲಬಿಟ್ಟಾಗ ಗುಳ್ಳೆ ಒಡೆದರೆ?"

"ಒಡೆಯುವುದಿಲ್ಲ ಎಂದು ನಾನು ಭಾಷೆ ಕೊಡಲಾರೆ."

ಬಿಗಿತವನ್ನು ಗಮನಿಸಿದ ವೈದ್ಯೆ ಅದನ್ನು ಸಡಿಲಿಸುವ ಔಷಧಿ ಹಾಯಿಸಿದಾಗ, ನಾಳ ಅದಕ್ಕೆ ಮೈಯೊಡ್ಡಿ, ಹೆದರುತ್ತಲೇ ಸಡಿಲವಾಯಿತು. ಗುಳ್ಳೆ ಜೋರಾಗಿ ಅದುರಿತು, ಒಡೆಯಲಿಲ್ಲ. ತೆರೆಯ ಮೇಲೆ ನಾಳ ಅಗಲವಾದದ್ದನ್ನು ಕಂಡ ವೈದ್ಯೆ ಸಣ್ಣ ಸ್ಟೆಂಟನ್ನು ಹಿಂದಕ್ಕೆಳೆದು, ಮತ್ತೆ ಅಳೆದು, ದೊಡ್ಡದನ್ನು ಕಳಿಸಿದರು. ಅದು ಅರಳಿ ನಾಳದ ಗೋಡೆಗೆ ಆತುಕೊಂಡು ನಿಂತಿತು. ರಕ್ತ ಗುಳ್ಳೆಯ ಗೊಡವೆ ಬಿಟ್ಟು ನೆಟ್ಟಗೆ ಹರಿಯತೊಡಗಿತು. ನಾಳದ ಭಯವೇನೂ ಅಂದೇ ಹೋಗಲಿಲ್ಲ. ಆದರೆ ಅದು ಮತ್ತೆ ಮುದುಡಲಿಲ್ಲ.