ಸೂಲಗಿತ್ತಿಗೆ ಕೊಡದ ಕುದುರೆ

"ಉಸ್ತಾದ, ಇವುಗಳಾಗ ಯಾವುದು ಮೇಲು?" ಎಂದು ರಿಪೇರಿ ಅಂಗಡಿಯ ಹುಡುಗ ಫಕೀರೇಶ ಕೇಳಿದ.

ಮೇಜಿನ ಮೇಲೆ ಶಂಕ್ರವ್ವನ ಹಳೆಯ ಕಂಪ್ಯೂಟರ್ ಇತ್ತು. ಶಂಕ್ರವ್ವ ಪ್ರೆಸ್ಸಿನವರಿಗೆ ಲಗ್ನಪತ್ರಿಕೆ ಟೈಪು ಮಾಡಿಕೊಡುವವಳು. ಯಂತ್ರ ತೀರ ನಿಧಾನವಾಗಿದೆ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಚುರುಕು ಮಾಡಿಕೊಡು ಎಂದು ಅದನ್ನು ಫಕೀರೇಶನ ಕೈಗೆ ಕೊಟ್ಟು ಹೋಗಿದ್ದಳು.

ಲಿನಕ್ಸ್‌ನಲ್ಲಿ ಹತ್ತಾರು ಬಗೆ, ಎಲ್ಲವೂ ಪುಕ್ಕಟೆ. ಫಕೀರೇಶ ಮೊದಲು ಉಬುಂಟು ಎಂಬುದನ್ನು ಹಾಕಿದ. ನಡೆಯಿತು. ಮಿಂಟ್ ಇದಕ್ಕಿಂತ ಜೋರಿದ್ದರೆ ಎನ್ನಿಸಿತು. ಅಳಿಸಿ ಮಿಂಟ್ ಹಾಕಿದ. ಅದೂ ನಡೆಯಿತು. ಅದನ್ನೂ ಅಳಿಸಿ ಡೆಬಿಯನ್ ಹಾಕಿದ. ಪ್ರತಿಸಲವೂ ಮೊಬೈಲಿನಲ್ಲಿ ಗಡಿಯಾರ ಹಚ್ಚಿಟ್ಟು, ಯಂತ್ರ ಎದ್ದೇಳಲು ಎಷ್ಟು ಹೊತ್ತು, ಒಂದು ಪುಟ ತೆರೆಯಲು ಎಷ್ಟು ಹೊತ್ತು ಎಂದು ಅಳೆದ. ಒಂದು ಬೇಗ ಏಳುತ್ತಿತ್ತು. ಒಂದು ಕೈಗೆ ಬೇಗ ಒಗ್ಗುತ್ತಿತ್ತು. ಇನ್ನೊಂದು ತಂಟೆಯಿಲ್ಲದೆ ಓಡುತ್ತಿತ್ತು. ಎಲ್ಲ ಗುಣವೂ ಒಂದರಲ್ಲೇ ಇರುವುದನ್ನು ಕೊಟ್ಟು ಹೆಸರು ತೆಗೆದುಕೊಳ್ಳಬೇಕೆಂಬುದು ಅವನ ಆಸೆ. ಈಗ ನಾಲ್ಕನೆಯದೊಂದು ಪೆನ್‌ಡ್ರೈವ್‌ನಲ್ಲಿ ಸಿದ್ಧವಾಗಿತ್ತು.

ಬೆಳಿಗ್ಗೆಯೇ ಬಂದ ಶಂಕ್ರವ್ವ ಅಂಗಡಿಯ ಹೊಸ್ತಿಲ ಮೇಲೆ ಕೂತಿದ್ದಳು. ಲಗ್ನದ ಹಂಗಾಮು. ಇವತ್ತು ಯಂತ್ರ ಮನೆಗೆ ಹೋಗದಿದ್ದರೆ ಪ್ರೆಸ್ಸಿನವರು ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಒಮ್ಮೆ ಹೋದ ಕೆಲಸ ತಿರುಗಿ ಬರುವುದಿಲ್ಲ.

"ಯಾವುದಾರ ಒಂದು ಹಾಕಿ ಕೊಡೋ ತಮ್ಮಾ. ನಾನೇನು ಅದನ್ನ ರೇಸಿಗೆ ಬಿಡೂದಿಲ್ಲ," ಎಂದಳು.

"ತಡೀರಿ ಅಕ್ಕಾರ, ಚಲೋದು ನೋಡಿ ಕೊಡತೀನಿ."

ಮೌಲಾಸಾಬ ಉಸ್ತಾದರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದರು. ಶಾಲೆಯ ಮುಖ ನೋಡಿದವರಲ್ಲ ಅವರು. ರೇಡಿಯೋದಿಂದ ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಬಿಚ್ಚಿ ಬಿಚ್ಚಿಯೇ ಕಲಿತವರು. ಮೂಗಿನ ಹೊಳ್ಳೆ ಅರಳಿತ್ತೆಂದರೆ ಅವರಿಗೆ ಸಿಟ್ಟು ಬಂದಿದೆ ಎಂದು ಫಕೀರೇಶನಿಗೆ ಗೊತ್ತು.

"ನಾ ಹುಟ್ಟಿದಾಗ ಸೂಲಗಿತ್ತಿ ಇರಲಿಲ್ಲ," ಎಂದರು. "ನನ್ನ ಹೊಕ್ಕಳಬಳ್ಳಿ ನಾನ ಹರಕೊಂಡೆ. ಕಂಡವರು ಒಬ್ಬರೂ ಉಳಿದಿಲ್ಲ, ಬೇಕಾದರ ಹೋಗಿ ಕೇಳು. ಯಾಕ ಇರಲಿಲ್ಲ ಅಂತ ಹೇಳತೀನಿ. ಅದನ್ನ ಹಾಕಬ್ಯಾಡ, ಕೆಳಗ ಇಡು."

ಫಕೀರೇಶ ಪೆನ್‌ಡ್ರೈವ್ ಕೆಳಗಿಡಲಿಲ್ಲ. ಕೈಯಲ್ಲಿ ಹಿಡಿದೇ ಕತೆ ಕೇಳಿದ.

ಒಂದೂರಿನಲ್ಲಿ ಒಬ್ಬ ಲಾಯದವನಿದ್ದ. ಅವನ ಲಾಯದ ತುಂಬ ಧರ್ಮದ ಕುದುರೆಗಳು. ಯಾರು ಬೇಕಾದರೂ ಒಯ್ಯಬಹುದು. ಜೀನು ಬಿಚ್ಚಿ ನೋಡಬಹುದು, ಬೇರೆ ಲಾಳ ಹೊಡೆಸಬಹುದು, ಮರಿ ಹಾಕಿಸಿ ಊರಿಗೆಲ್ಲ ಹಂಚಬಹುದು. ಕೇಳುವವರಿರಲಿಲ್ಲ. ಒಂದು ದಿನ ಒಬ್ಬ ಸೂಲಗಿತ್ತಿ ಓಡಿ ಬಂದಳು.

"ಆಚಿ ಊರಾಗ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ. ಒಂದು ಕುದರಿ ಕೊಡಪಾ."

"ಇದ್ದುದರಾಗ ಚಲೋದು ಕೊಡತೀನಿ. ಕೂಡು."

ಲಾಯದವನು ಕೆಂದ ಕುದುರೆಗೆ ಜೀನು ಬಿಗಿದು ಬಾವಿಯ ಸುತ್ತ ಓಡಿಸಿದ. ಅದರ ಓಟ ಎಂಥದೆಂದರೆ, ನೆರಳು ಹಿಂದೆ ಬಿದ್ದುಹೋಯಿತು. ಅದು ಬರುವ ತನಕ ಕುದುರೆ ನಿಂತು ನೀರು ಕುಡಿಯಿತು. ಸೂಲಗಿತ್ತಿ ಎದ್ದಳು. ಅವನು ಜೀನು ಬಿಚ್ಚಿದ. ಬಿಳಿಯದಕ್ಕೆ ಬಿಗಿದ. ಅದು ಎಷ್ಟು ಸಾಧುವೆಂದರೆ, ಹತ್ತುವವರಿಗೆ ಮೊಣಕಾಲೂರಿ ಬೆನ್ನು ಕೊಡುತ್ತಿತ್ತು. ಸೂಲಗಿತ್ತಿ ಕಾಲೆತ್ತಿದಳು. ಅವನು ಆ ಜೀನನ್ನೂ ಬಿಚ್ಚಿದ. ಕೆಂದದ್ದರ ಓಟ, ಬಿಳಿಯದರ ಸಾಧುತನ, ಎರಡೂ ಕರಿಯದರಲ್ಲಿ ಇದ್ದರೂ ಇರಬಹುದು.

ಬಾವಿಯ ಸುತ್ತ ಕುದುರೆಗಳು ಓಡಿದ್ದೇ ಓಡಿದ್ದು. ತುಳಿದು ತುಳಿದು ನೆಲ ತಗ್ಗಾಗಿ, ಬಾವಿಯೇ ಗೋಪುರದ ಹಾಗೆ ಮೇಲೆ ಎದ್ದು ನಿಂತಿತು. ಸೂಲಗಿತ್ತಿಯ ತಲೆ ನರೆಯಿತು. ಕೊನೆಗೊಮ್ಮೆ ಲಾಯದವನು, "ಗೊತ್ತಾತು, ಕರೇದ ಮೇಲು. ಒಯ್ಯಿ," ಎಂದು ಕಡಿವಾಣ ಚಾಚಿದ.

ಕಡಿವಾಣ ಹಿಡಿದವನು ಮೀಸೆ ಬಂದ ಒಬ್ಬ ಗಂಡಾಳು.

"ಅವತ್ತು ಹುಟ್ಟಿದವ ನಾನ," ಎಂದ. "ಈಗ ನನ್ನ ಹೆಂಡತಿ ಬ್ಯಾನಿ ತಿನ್ನಾಕತ್ತಾಳ. ಮುದುಕೀನ ಕರಕೊಂಡು ಹೋಗಾಕ ನಡಕೊಂಡ ಬಂದೀನಿ. ನಮ್ಮವ್ವ ನಿನ್ನ ಪರೀಕ್ಷೆ ಮುಗಿಯೂ ತನಕ ಉಳೀಲಿಲ್ಲ."

ಉಸ್ತಾದರು ಇಲ್ಲಿ ತಮ್ಮ ಎದೆಯನ್ನೇ ಬಡಿದುಕೊಂಡರು. "ಧರ್ಮದ ಕುದರಿ ಅಂತ," ಎಂದರು. "ಲಾಯದ ತುಂಬ ಕುದರಿ. ಒಂದರ ಕಾಲೂ ಕುಂಟಾಗಿರಲಿಲ್ಲ."

ಶಂಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಯ್ದದ್ದು ತನ್ನನ್ನೇ ಎಂದು ಫಕೀರೇಶನಿಗೆ ತಿಳಿದಿತ್ತು. ತಪ್ಪಿಸಿಕೊಳ್ಳಲು ಒಂದು ಸಂದು ಹುಡುಕಿದ, ಸಿಕ್ಕಿತು.

"ಉಸ್ತಾದ, ನಿಮ್ಮ ಲಗ್ನದಾಗ ನಿಮ್ಮವ್ವ ಸ್ವಂತ ಕೈಯಿಂದ ಊರಿಗೆಲ್ಲ ಊಟಕ್ಕ ಬಡಿಸಿದ್ಲು ಅಂತ ಮೊನ್ನೆ ಹೇಳಿದ್ರಲ್ಲಾ. ನೀವು ಹುಟ್ಟಿದಾಗಲೇ ತೀರಿಕೊಂಡಾಕಿ ಹೆಂಗ ಬಡಿಸಿದ್ಲು?"

ಶಂಕ್ರವ್ವನಿಗೆ ನಗು ಬಂತು. ಆದರೂ ಅವಳು ಇನ್ನು ಕಾಯಲಿಲ್ಲ. ಎದ್ದು ಸೀರೆಯ ದೂಳು ಕೊಡವಿ, ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

ಉಸ್ತಾದರು ಹೆಗಲು ಕುಣಿಸಿದರು. "ಬಡಿಸಿರಬೇಕು ಬಿಡು," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರು. "ಹೊಸ್ತಿಲ ಮ್ಯಾಲೆ ಕುಂತಿದ್ದಾಕಿ ಮಾತ್ರ ನನ್ನ ಕತಿಯಾಗಿನಾಕಿ ಅಲ್ಲ."

ಶಂಕ್ರವ್ವ ಬರಿಗೈಯಲ್ಲೇ ಹೊರಟಿದ್ದಳು. ಪೆನ್‌ಡ್ರೈವ್ ಫಕೀರೇಶನ ಕೈಯಲ್ಲೇ ಉಳಿಯಿತು.