ಮೂಲೆಯಿಂದ ಹೊಲಿಯುವ ಕೌದಿ

ಕಾಡಂಚಿನ ಸಿದ್ದಿಗಳ ಕೇರಿಯಲ್ಲಿ, ಹುಲ್ಲು ಹೊದಿಸಿದ ಗುಡಿಸಲಿನ ಜಗಲಿಯೇ ಪೂಜ್ಯ ಪುತಳಾತಾಯಿಯವರ ಮಠ. ಅವರಿಗೆ ಗದ್ದುಗೆಯೂ ಇರಲಿಲ್ಲ, ಕಾವಿಯೂ ಇರಲಿಲ್ಲ. ತೊಡೆಯ ಮೇಲೆ ಸದಾ ಒಂದು ಕೌದಿ, ಕೈಯಲ್ಲಿ ಸೂಜಿ. ಎಷ್ಟೋ ತಲೆಮಾರಿನ ಹಿಂದೆ, ಆಫ್ರಿಕಾದಿಂದ ಹೊತ್ತು ತಂದು ಗೋವೆಯಲ್ಲಿ ಮಾರಿದ ಗುಲಾಮ ಹೆಂಗಸೊಬ್ಬಳು ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದಿದ್ದಳು. ತಾಯಿಯವರು ಅವಳ ವಂಶದವರು. ಪ್ರಾಯದಲ್ಲಿ ಒಡೆಯರ ಮನೆಮನೆಗೂ ನಡೆದು, ಜೀತಕ್ಕಿದ್ದ ಹೆಣ್ಣುಮಕ್ಕಳನ್ನು ಕೈಹಿಡಿದು ಕರೆತಂದವರು. ಬೈಗುಳ ತಿಂದರು, ಏಟೂ ತಿಂದರು; ಬರಿಗೈಯಲ್ಲಿ ಮಾತ್ರ ಮರಳಲಿಲ್ಲ.

ಒಂದು ಮಧ್ಯಾಹ್ನ ದೇವಕಿಯೆಂಬ ಸಿದ್ದಿ ಹೆಂಗಸು ಬಂದು ಜಗಲಿಯ ಕೆಳಗೆ ನಿಂತಳು. ಏಳನೇ ವಯಸ್ಸಿನಿಂದ ದೊಡ್ಡಮನೆಯಲ್ಲೇ ದುಡಿದು ಬೆಳೆದವಳು. ಈಗ ಅಲ್ಲಿಯ ಒಡತಿಯಮ್ಮ ಅವಳ ಮಗಳು ಮಂಗಲೆಯನ್ನೂ ಕೆಲಸಕ್ಕೆ ಬಿಡು ಎನ್ನುತ್ತಿದ್ದರು. ಮಗಳಿಗೋ ಶಾಲೆಯೇ ಬೇಡವಾಗಿತ್ತು. ಅಲ್ಲಿ ಮಕ್ಕಳು ಒದ್ದೆ ಬಟ್ಟೆಯಿಂದ ಅವಳ ತೋಳು ಉಜ್ಜಿ, ಕಪ್ಪು ಬಿಡುತ್ತದೋ ಎಂದು ನೋಡಿದ್ದರು. ಮಾಸ್ತರರು ಕಂಡೂ ನಕ್ಕು ಸುಮ್ಮನಾಗಿದ್ದರು. ದೇವಕಿಯ ತಲೆ ಗೊಂದಲದ ಗೂಡಾಗಿತ್ತು. ತಾಯಿಯವರ ಮೇಲೂ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೇ.

"ದೊಡ್ಡಮನೇಲಿ ಹೊಟ್ಟೆ ತುಂಬಾ ಊಟ ಉಂಟು ತಾಯೀ, ಶಾಲೇಲಿ ಬರೀ ಅಳು. ಎಂತಾ ಮಾಡೂದು ತಿಳೀದು. ಕಳಿಸ್ಲಾ, ಬ್ಯಾಡ್ವಾ?"

ತಾಯಿಯವರು ಹಾಸಿದ ಹಳೇ ಸೀರೆಯನ್ನೂ ಬಟ್ಟೆಯ ತುಂಡುಗಳನ್ನೂ ಅವಳ ಮುಂದೆ ಸರಿಸಿದರು. "ಹೊಲಿ, ಮಗಾ," ಎಂದರು.

ಕೇಳಿದ್ದೊಂದು, ಸಿಕ್ಕಿದ್ದೊಂದು ಎಂದುಕೊಂಡು ದೇವಕಿ ಸೂಜಿ ಹಿಡಿದಳು. ದಿಂಬಿಗೆ ಹೂ ಹಾಕಲು ಒಡತಿಯಮ್ಮ ಕಲಿಸಿದ್ದ ಹಾಗೆ, ಸೀರೆಯ ನಟ್ಟನಡುವೆ ಮೊದಲ ತುಂಡನ್ನಿಟ್ಟಳು. ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದ ಕೇರಿಯ ಹೆಂಗಸರ ಸೂಜಿಗಳು ನಿಂತವು. ಸಿದ್ದಿಗಳ ಕೌದಿ ಮೂಲೆಯಿಂದ ಶುರುವಾಗಿ ಅಂಚು ಸುತ್ತುತ್ತಾ ನಡುವಿಗೆ ಬರಬೇಕು. ಕೊನೆಯ ತುಂಡಿನ ಕೆಳಗೆ ನಾಲ್ಕು ಕಾಳು ಅಕ್ಕಿಯಿಟ್ಟು ಕೌದಿಯ ಹೊಟ್ಟೆ ತುಂಬಿಸಬೇಕು. ಕೇರಿಯ ಚಿಕ್ಕ ಹುಡುಗಿಗೂ ಗೊತ್ತಿರುವ ಸಂಗತಿ. ಯಾರೋ ಕಿಸಕ್ಕೆಂದರು.

ತಾಯಿಯವರು ನಗಲಿಲ್ಲ. "ನಿನ್ನವ್ವ ಕಲಿಸ್ಲಿಲ್ವಾ?"

"ಅವ್ವ ಒಂದು ಮನೇಲಿ, ನಾನೊಂದು ಮನೇಲಿ. ಯಾವಾಗ ಕಲಿಯೂದು?"

"ಮಂಗಲೆಗೆ ಯಾರು ಕಲಿಸ್ತಾರೆ?"

ಅಷ್ಟೇ. ದೇವಕಿ ಅವ್ವನ ಮುಖವನ್ನು ನೆನೆಯಲು ನೋಡಿದಳು. ವರ್ಷಕ್ಕೊಮ್ಮೆ ಹಬ್ಬಕ್ಕೆ ಕಂಡ ಮುಖ, ಸರಿಯಾಗಿ ನೆನಪಾಗಲಿಲ್ಲ. ಊಟ ಹಾಕಿದವರು ತನ್ನಿಂದ ಕಿತ್ತುಕೊಂಡದ್ದೇನೆಂದು ಅಂದು ತಿಳಿದು, ಬಿಕ್ಕಿ ಬಿಕ್ಕಿ ಅತ್ತಳು. ತಾಯಿಯವರು ಅವಳ ಹೊಲಿಗೆ ಬಿಚ್ಚಿ, ಆ ತುಂಡನ್ನು ಮೂಲೆಗೆ ಇಟ್ಟುಕೊಟ್ಟರು.

ಗೊಂದಲವೆಲ್ಲ ಕರಗಿತೆಂದರೆ ಸುಳ್ಳಾದೀತು. ದೊಡ್ಡಮನೆಗೆ ಏನು ಹೇಳುವುದು, ನಾಳೆ ಒಲೆ ಹೇಗೆ ಉರಿಯುವುದು, ಒಂದೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಸೋಮವಾರ ಮಗಳ ಕೈಹಿಡಿದು ಶಾಲೆಗೆ ನಡೆದಳು; ತರಗತಿಯ ಬಾಗಿಲೆದುರೇ ಕೂತು ಕೌದಿ ಹರಡಿ ಹೊಲಿಯತೊಡಗಿದಳು. ಇದೇನಮ್ಮಾ ಎಂದು ಮಾಸ್ತರರು ಕೇಳಿದರು.

"ನೀವು ಪಾಠ ಮಾಡಿ. ನಾ ನೋಡ್ತಾ ಕೂತಿರ್ತೆ."

ದೊಡ್ಡಮನೆಯ ಕೆಲಸ ಬಿಟ್ಟು ದಿನಾ ಬಂದಳು. ಕೇರಿಯ ಹೆಂಗಸರು ತಮ್ಮ ಗಂಜಿಯಲ್ಲಿ ಪಾಲು ಕೊಟ್ಟರು. ಮಂಗಲೆಯ ತೋಳನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಕೌದಿ ನಡುವಿಗೆ ಬಂದ ದಿನ ಅಕ್ಕಿಕಾಳು ಇಟ್ಟವಳು ಮಂಗಲೆಯೇ.

ಮುಂದೆ ತಾಯಿಯವರ ಕಾಲು ಸೋತಾಗ ಒಡೆಯರ ಮನೆಗಳಿಗೆ ನಡೆದವಳು ದೇವಕಿ. ಹಿತ್ತಿಲಲ್ಲಿ ಪಾತ್ರೆ ಉಜ್ಜುವ ಹುಡುಗಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊದಲು ಒಂದೇ ಮಾತು ಕೇಳುತ್ತಿದ್ದಳು:

"ಮಗಾ, ಕೌದಿ ಹೊಲೀಲಿಕ್ಕೆ ಬರ್ತದಾ?"